ಮಾತಾಡಿದಾಗ ಕೆಂಪಾಗುವ ಗೆರೆ

ಗೆರೆ ಮತ್ತೆ ಕೆಂಪಾಯಿತು.

ಇಪ್ಪತ್ತು ನಿಮಿಷ ಹಸಿರಾಗಿ, ಹದವಾಗಿ, ನೇರವಾಗಿ ಓಡಿದ ಗೆರೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಒಮ್ಮೆಗೇ ಜಿಗಿದು, ಗರಗಸದ ಹಲ್ಲಿನಂತೆ ಕುಣಿಯತೊಡಗಿತು. ತಂತಿಯಕ್ಕ ಕೈಗಡಿಯಾರ ನೋಡಿಕೊಂಡಳು. ಹನ್ನೊಂದು ನಲವತ್ತೆರಡು. ತೊಡೆಯ ಮೇಲಿದ್ದ ನೋಟ್‌ಬುಕ್ಕಿನಲ್ಲಿ ಬರೆದಳು. ಬೆಳಗಿನಿಂದ ಇದು ಏಳನೆಯ ಸಲ.

“ಬಂತಾ?” ಒಳಕೋಣೆಯಿಂದ ಅಕ್ಷರಮ್ಮನ ದನಿ.

“ಬಂತಮ್ಮಾ.”

“ಎಷ್ಟು ಹೊತ್ತಾಯ್ತು?”

“ಈಗಿನ್ನೂ ಶುರು. ನೀವು ನಿಮ್ಮ ಪಾಡಿಗೆ ಓದ್ಕೊಳ್ಳಿ, ನಾನು ನೋಡ್ತೀನಿ.”

ಹೇಳಿದಳೇ ಹೊರತು ನೋಡುವುದಕ್ಕೆ ಏನು ಉಳಿದಿದೆ ಎಂದು ಅವಳಿಗೇ ತಿಳಿಯದು. ಇಪ್ಪತ್ತಮೂರು ವರ್ಷ ಕಂಬ ಹತ್ತಿ ಇಳಿದು ಮಂಡಿ ಸವೆಸಿಕೊಂಡವಳು ಅವಳು. ಈಗ ಕಂಪನಿ ಬಿಟ್ಟು, ಹೆಗಲಿಗೊಂದು ಚೀಲ ಹಾಕಿಕೊಂಡು ಮನೆಮನೆಯ ಇಂಟರ್ನೆಟ್ ಲೈನು ರಿಪೇರಿ ಮಾಡಿಕೊಂಡಿದ್ದಾಳೆ. ಸುತ್ತಲಿನ ನಾಲ್ಕು ಬೀದಿಯವರು ಇಟ್ಟ ಹೆಸರು ತಂತಿಯಕ್ಕ. ಅವಳೂ ಅದಕ್ಕೇ ಓಗೊಡುತ್ತಾಳೆ.

ಕೈಯಲ್ಲಿರುವುದು ಇನ್ನು ಮೂರು ಗಂಟೆ ಹದಿನೆಂಟು ನಿಮಿಷ. ಹತ್ತು ದಿನದ ಹಿಂದೆ ಇದೇ ಲೈನು ಕೋರ್ಟಿನ ಎದುರು ಅಕ್ಷರಮ್ಮನ ಮಾತನ್ನು ನುಂಗಿಹಾಕಿತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ಕೊನೆಯ ಅವಕಾಶ.

ಅಕ್ಷರಮ್ಮ ಮೂವತ್ತನಾಲ್ಕು ವರ್ಷ ಕೋರ್ಟುಗಳಿಗೆ ಕೈಬರಹ ಪರೀಕ್ಷೆ ಮಾಡಿಕೊಟ್ಟವರು. ಸಹಿ ಅಸಲಿಯೋ ನಕಲಿಯೋ, ಪತ್ರ ಬರೆದದ್ದು ಯಾರ ಕೈಯೋ, ಭೂತಗನ್ನಡಿ ಹಿಡಿದು ಹೇಳುತ್ತಿದ್ದರು. ಆರು ತಿಂಗಳ ಹಿಂದೆ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ದೂರದ ಪ್ರಯಾಣ ನಿಂತಿತು. ಆದರೆ ಈ ಒಂದು ಪ್ರಕರಣವನ್ನು ಅವರು ಕೈಬಿಡಲೊಲ್ಲರು. ಕಾರ್ಖಾನೆಗಳ ಸುರಕ್ಷತೆ ತಪಾಸಣೆ ಮಾಡುತ್ತಿದ್ದ ಒಬ್ಬ ಹೆಂಗಸು ಒಂದು ಕಾರ್ಖಾನೆಯ ನೀರಿನ ತೊಟ್ಟಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ಅವಳ ಚೀಲದಲ್ಲಿ ಒಂಬತ್ತು ಸಾಲಿನ ಪತ್ರ: ನನ್ನ ಸಾವಿಗೆ ಯಾರೂ ಕಾರಣರಲ್ಲ. ಮಾಲೀಕನ ಕಡೆಯವರಿಗೆ ಆ ಪತ್ರವೇ ಗುರಾಣಿ. ಆ ಪತ್ರ ಅವಳು ಬರೆದದ್ದಲ್ಲ ಎನ್ನುವವರು ಲೋಕದಲ್ಲಿ ಇಬ್ಬರೇ. ಒಬ್ಬ ಅವಳ ಗಂಡ, ಇನ್ನೊಬ್ಬರು ಅಕ್ಷರಮ್ಮ.

ಹೋದ ಸಲ ವಿಡಿಯೋ ಕರೆಯಲ್ಲಿ ಅಕ್ಷರಮ್ಮ ಮುಖ್ಯವಾದ ಮಾತು ಶುರು ಮಾಡಿದ್ದೇ ತಡ, ಮುಖ ಪರದೆಯ ಮೇಲೆ ಬಾಯಿ ತೆರೆದ ಹಾಗೇ ನಿಂತುಬಿಟ್ಟಿತ್ತು. ಎದುರು ಪಕ್ಷದ ವಕೀಲ ನಗುತ್ತಾ, ಸಾಕ್ಷಿಗೇ ತಡವರಿಕೆ ಇದೆ ಸ್ವಾಮೀ, ಎಂದಿದ್ದ. ಕೋರ್ಟಿನಲ್ಲಿ ಒಂದಷ್ಟು ಜನ ನಕ್ಕಿದ್ದರು.

ತಂತಿಯಕ್ಕ ಬೆಳಿಗ್ಗೆ ಏಳಕ್ಕೆ ಬಂದವಳು ಬೀದಿಯ ಪೆಟ್ಟಿಗೆ ತೆಗೆದು ತುಕ್ಕು ಉಜ್ಜಿದ್ದಳು. ಗೋಡೆಯೊಳಗಿನ ಹಳೆಯ ಜಾಯಿಂಟು ಕಿತ್ತು ಹೊಸದು ಹಾಕಿದ್ದಳು. ಆಮೇಲೆ ರೂಟರಿನಿಂದ ಮನೆಯವರ ಎಲ್ಲ ಸಾಮಾನನ್ನೂ ಬಿಡಿಸಿ, ವೈಫೈ ಮುಚ್ಚಿ, ತನ್ನ ಲ್ಯಾಪ್‌ಟಾಪ್ ಒಂದನ್ನೇ ವೈರಿನಲ್ಲಿ ಜೋಡಿಸಿ ಮುಕ್ಕಾಲು ಗಂಟೆ ಕೂತಿದ್ದಳು. ಗೆರೆ ಕದಲಲಿಲ್ಲ. ಮತ್ತೆ ಎಲ್ಲವನ್ನೂ ಜೋಡಿಸಿದಳು. ಕುಣಿತ ಶುರು.

ಅಂದರೆ ರೋಗ ಬೀದಿಯಲ್ಲಿಲ್ಲ. ಮನೆಯೊಳಗೇ ಇದೆ.

ನೋಟ್‌ಬುಕ್ ಮಡಚಿ ಅವಳು ಮೆಟ್ಟಿಲು ಹತ್ತಿದಳು. ಮಂಡಿ ಪ್ರತಿ ಮೆಟ್ಟಿಲಿಗೂ ಲಟಕ್ಕೆಂದಿತು.

ಮಹಡಿಯ ಕೋಣೆಯಲ್ಲಿ ಅಕ್ಷರಮ್ಮನ ಅಳಿಯ ಮೂರು ಪರದೆಗಳ ನಡುವೆ ಹುದುಗಿ ಕೂತಿದ್ದ. ಸಮಾರಂಭಗಳ ವಿಡಿಯೋ ಕತ್ತರಿಸಿ ಜೋಡಿಸುವುದು ಅವನ ಉದ್ಯೋಗ. ಯಾರದೋ ಮದುವಣಗಿತ್ತಿ ಮೂರೂ ಪರದೆಯಲ್ಲಿ ಅರ್ಧ ಕಣ್ಣು ಮುಚ್ಚಿ ನಿಂತಿದ್ದಳು.

“ಸರ್, ಏನಾದ್ರೂ ಕಳಿಸ್ತಿದೀರಾ? ದೊಡ್ಡ ಫೈಲು?”

“ನನಗೊತ್ತಿತ್ತು, ಕೊನೆಗೆ ನನ್ನ ತಲೆಗೇ ಬರುತ್ತೆ ಅಂತ.” ಅವನು ಕುರ್ಚಿ ತಿರುಗಿಸಿದ. “ಈ ಮನೇಲಿ ನಲ್ಲಿ ಸೋರಿದ್ರೂ ಅಳಿಯನೇ ಕಾರಣ. ಕಳಿಸೋದನ್ನ ನಿಲ್ಲಿಸಿ ವಾರ ಆಯ್ತು. ಅತ್ತೆ ಸಾಕ್ಷಿ ಮುಗಿಯೋವರೆಗೂ ಎಲ್ಲ ಡಿಸ್ಕಲ್ಲಿ ಹಾಕಿ ಕೈಯಾರೆ ತಲುಪಿಸ್ತಿದೀನಿ. ಬೇಕಾದ್ರೆ ವೈರೇ ಕಿತ್ಕೊಂಡು ಹೋಗಿ.”

“ಕೀಳ್ತೀನಿ, ತಪ್ಪು ತಿಳ್ಕೋಬೇಡಿ.”

ಕಿತ್ತಳು. ಅವನ ಫೋನನ್ನೂ ಆಫ್ ಮಾಡಿಸಿದಳು. ಕೆಳಗಿಳಿದು ಬರುವಷ್ಟರಲ್ಲಿ ಗೆರೆ ಮತ್ತೊಮ್ಮೆ ಕೆಂಪಾಗಿ ಆರಿತ್ತು. ಅಳಿಯ ಪಾರಾದ.

ಅವನ ಹೆಂಡತಿ, ಅಂದರೆ ಅಕ್ಷರಮ್ಮನ ಮಗಳು, ಶಾಲೆಯಲ್ಲಿ ಟೀಚರು. ಬೆಳಿಗ್ಗೆ ಗೇಟಿನ ಹತ್ತಿರ ತಂತಿಯಕ್ಕನಿಗೆ ಸಿಕ್ಕಿದ್ದಳು. “ಅಮ್ಮನಿಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಾ ನೀವೇ ಹೇಳಿ. ಲೈನ್ ಸರಿಹೋಗದಿದ್ರೆ ಸರಿಹೋಗಲ್ಲ ಅಂತ ಹೇಳ್ಬಿಡಿ. ನೆಮ್ಮದಿಯಾಗಿರ್ತಾಳೆ,” ಎಂದು ಅವಸರದಲ್ಲಿ ನಡೆದಿದ್ದಳು. ಅವಳ ಫೋನು ಅವಳ ಜೊತೆಯಲ್ಲೇ ಹೋಗಿದೆ. ಆ ಲೆಕ್ಕ ಬಿಟ್ಟರೆ ಮನೆಯಲ್ಲಿ ಉಳಿದವರು ಅಕ್ಷರಮ್ಮ, ಮತ್ತೆ ಹೊರಕೋಣೆಯಲ್ಲಿರುವ ಅವರ ತಮ್ಮ.

ತಂತಿಯಕ್ಕ ರೂಟರಿನ ಪಟ್ಟಿ ತೆಗೆದಳು. ಬೆಳಗಿನಿಂದ ಜೋಡಿಸಿಕೊಂಡ ಸಾಮಾನು ಒಂಬತ್ತು. ಎಂಟಕ್ಕೆ ಯಜಮಾನರು ಸಿಕ್ಕರು: ಮಹಡಿಯ ಕಂಪ್ಯೂಟರು, ಫೋನುಗಳು, ಟೀವಿ, ಅಕ್ಷರಮ್ಮನ ಲ್ಯಾಪ್‌ಟಾಪು, ತಮ್ಮನ ಹಳೇ ಟ್ಯಾಬ್ಲೆಟ್ಟು. ಒಂಬತ್ತನೆಯದಕ್ಕೆ ಹೆಸರಿರಲಿಲ್ಲ. ಬರೀ ಅಂಕಿ.

ಒತ್ತಿದರೆ ಅದನ್ನು ಹೊರಹಾಕಬಹುದಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಹಾಕಿದರೆ ಕುಣಿತ ನಿಲ್ಲುತ್ತದೆ, ಸರಿ. ಇಟ್ಟವರು ಎಚ್ಚರವಾಗಿಬಿಡುತ್ತಾರೆ. ಅವಳು ಬೆರಳು ಹಿಂದೆಗೆದುಕೊಂಡು ನೋಟ್‌ಬುಕ್ ಹಿಡಿದು ಅಕ್ಷರಮ್ಮನ ಕೋಣೆಗೆ ಹೋದಳು.

ಕೋಣೆ ಚೊಕ್ಕಟವಾಗಿತ್ತು. ಮಂಚ, ಪಕ್ಕದಲ್ಲಿ ಊರಿಕೊಂಡು ನಡೆಯುವ ಉಕ್ಕಿನ ಚೌಕಟ್ಟು, ಕಿಟಕಿಯ ಹತ್ತಿರ ಮೇಜು, ಅದರ ಮೇಲೆ ಬಾಗಿದ ಕತ್ತಿನ ದೀಪ. ಅಕ್ಷರಮ್ಮ ಕೈ ಚಾಚಿದರು. “ಇಲ್ಲಿ ಕೊಡಮ್ಮಾ, ಏನು ಬರೆದಿದೀಯಾ ನೋಡೋಣ.”

ಬರೆದದ್ದನ್ನು ಓದದೆ ಬಿಟ್ಟು ಗೊತ್ತಿಲ್ಲದ ಕಣ್ಣು ಅವು. ಒಂಬತ್ತು ಹತ್ತು, ಒಂಬತ್ತು ನಲವತ್ತು, ಹತ್ತೂಕಾಲು... ಅವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ನಡುವೆ ನಿಂತಿತು. ಮತ್ತೆ ಮೇಲಕ್ಕೆ ಹೋಯಿತು. ಏನೋ ಹೇಳಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

ಪೆನ್ನು ತೆಗೆದುಕೊಂಡು ಅದೇ ಹಾಳೆಯ ಕೆಳಗೆ ಬರೆದರು: ಮಾತಾಡಬೇಡ.

ತಂತಿಯಕ್ಕ ಹಾಳೆಯ ಮೇಲೆ ಬಗ್ಗಿದಳು.

ಅಕ್ಷರಮ್ಮ ಒಂದೊಂದು ಗಂಟೆಯ ಪಕ್ಕಕ್ಕೂ ಗುಂಡಗಿನ ಅಕ್ಷರದಲ್ಲಿ ತುಂಬುತ್ತಾ ಹೋದರು. ಒಂಬತ್ತು ಹತ್ತು, ವಕೀಲೆಯ ಜೊತೆ ಫೋನು. ಒಂಬತ್ತು ನಲವತ್ತು, ತಮ್ಮನನ್ನು ಕರೆದು ನೀರು ಕೇಳಿದ್ದು. ಹತ್ತೂಕಾಲು, ಸಾಕ್ಷ್ಯ ಗಟ್ಟಿಯಾಗಿ ಹೇಳಿಕೊಂಡದ್ದು. ಹತ್ತೂವರೆಯಿಂದ ಹನ್ನೊಂದರವರೆಗೆ ಖಾಲಿ. ಅಲ್ಲಿ ಬರೆದರು: ನಿದ್ದೆ.

ತಂತಿಯಕ್ಕ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಲ್ಯಾಪ್‌ಟಾಪ್ ತಂದು ಮಂಚದ ಮೇಲಿಟ್ಟಳು. ಇಬ್ಬರೂ ಉಸಿರು ಬಿಗಿಹಿಡಿದು ಕೂತರು. ಎರಡು ನಿಮಿಷ, ಮೂರು ನಿಮಿಷ. ಗೆರೆ ಹಸಿರು. ಅವಳು ಅಕ್ಷರಮ್ಮನತ್ತ ತಲೆಯಾಡಿಸಿದಳು.

“ಮೃತರ ಹದಿನೈದು ಪತ್ರಗಳನ್ನ ನಾನು ಪರೀಕ್ಷೆ ಮಾಡಿದೀನಿ,” ಅಕ್ಷರಮ್ಮ ಕೋರ್ಟಿನ ದನಿಯಲ್ಲಿ ಹೇಳಿದರು. “ಚೀಲದಲ್ಲಿ ಸಿಕ್ಕಿದ ಪತ್ರ...”

ಗೆರೆ ಹಾರಿತು. ಕೆಂಪು.

ಅವರು ನಿಲ್ಲಿಸಿದರು. ಅರ್ಧ ನಿಮಿಷ ಕಳೆದು ಹಸಿರು.

ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ. ಈ ಕೋಣೆಯಲ್ಲಿ ಏನೋ ಇದೆ. ಮಾತು ಕಿವಿಗೆ ಬಿದ್ದಾಗ ಎಚ್ಚರವಾಗಿ, ಕೇಳಿದ್ದನ್ನು ಹೊರಗೆ ಸಾಗಿಸುತ್ತಿದೆ. ಹಳೆಯ ತಾಮ್ರದ ಲೈನು ಇದು. ಒಳಗೆ ಬರುವ ದಾರಿ ಅಗಲ, ಹೊರಗೆ ಹೋಗುವ ದಾರಿ ಓಣಿಯಷ್ಟು. ಆ ಓಣಿಯಲ್ಲಿ ಇದು ನುಗ್ಗಿದರೆ ಬೇರೆ ಯಾವುದಕ್ಕೂ ಜಾಗವಿಲ್ಲ. ಅಕ್ಷರಮ್ಮ ಸುಮ್ಮನಿದ್ದಾಗ ಲೈನು ಚೆನ್ನ, ಬಾಯಿ ತೆರೆದಾಗ ಕೆಡುತ್ತದೆ. ಬಂದುಹೋದ ಮೂವರು ರಿಪೇರಿಯವರೂ, ಲೈನ್ ಚೆನ್ನಾಗೇ ಇದೆಯಲ್ಲಮ್ಮ, ಎಂದು ಹೇಳಿ ಹೋದದ್ದರಲ್ಲಿ ಆಶ್ಚರ್ಯವೇನಿದೆ. ಅವರು ಪರೀಕ್ಷೆ ಮಾಡುವಾಗ ಇವರು ಪಾಪ ಬಾಯಿಗೆ ಬೀಗ ಹಾಕಿಕೊಂಡು ಕೂತಿರುತ್ತಿದ್ದರು.

ತಂತಿಯಕ್ಕ ಮಂಡಿಯೂರಿ ಮಂಚದ ಕೆಳಗೆ ನೋಡಿದಳು. ದೀಪ ತಿರುಗಿಸಿ ನೋಡಿದಳು. ದಿಂಬು, ಪರದೆ, ಚೌಕಟ್ಟಿನ ಹಿಡಿಯ ರಬ್ಬರು. ಏನಿಲ್ಲ. ಗಂಟೆ ಹನ್ನೆರಡೂವರೆ.

ಎದ್ದು ನಿಂತು ಸುತ್ತ ನೋಡಿದಳು. ಅವಳ ಕಣ್ಣು ಜೀವಮಾನವೆಲ್ಲ ಒಂದನ್ನೇ ಹಿಂಬಾಲಿಸಿದ ಕಣ್ಣು. ಮಂಚದ ಎದುರು ಗೋಡೆಯ ಮೇಲೊಂದು ದುಂಡು ಗಡಿಯಾರ. ಅದರ ಕೆಳಗೆ ಗೋಡೆಯದೇ ಬಣ್ಣದ ಎಳೆ ವೈರೊಂದು ಬೀರುವಿನ ಹಿಂದಕ್ಕೆ ಇಳಿದಿತ್ತು.

ಸೆಲ್ಲಿನಲ್ಲಿ ಓಡುವ ಗಡಿಯಾರಕ್ಕೆ ವೈರು ಯಾಕೆ?

ಕುರ್ಚಿ ಹತ್ತಿ ಗಡಿಯಾರ ಇಳಿಸಿದಳು. ಹನ್ನೆರಡರ ಅಂಕಿಯ ಕೆಳಗೆ, ಎಳ್ಳುಕಾಳಿನಷ್ಟು ಕಪ್ಪು ಗಾಜು. ಹಿಂದಿನ ಮುಚ್ಚಳ ತೆಗೆದರೆ ಪುಟ್ಟ ಕ್ಯಾಮೆರಾ, ಮೈಕು, ಅಚ್ಚುಕಟ್ಟಾಗಿ ಕೊರೆದ ಗೂಡು, ಎರಡು ಹಿತ್ತಾಳೆ ತಿರುಪು. ಇದು ಸಿಕ್ಕಾಪಟ್ಟೆ ಕೈಚಳಕದ ಕೆಲಸ. ಸೂಜಿಯಂಥ ಸ್ಕ್ರೂಡ್ರೈವರ್ ಹಿಡಿದು ಬದುಕಿದವರಿಗೆ ಮಾತ್ರ ಸಾಧ್ಯ.

ಅಕ್ಷರಮ್ಮ ಆ ತಿರುಪುಗಳನ್ನು ನೋಡಿದರು. ಯಾರ ಕೈಯೆಂದು ಹೇಳಲು ಅವರಿಗೆ ಭೂತಗನ್ನಡಿ ಬೇಕಾಗಲಿಲ್ಲ.

ತಮ್ಮ ನಲವತ್ತು ವರ್ಷ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದವರು. ಅಂಗಡಿ ಮುಚ್ಚಿದ ಮೇಲೆ ಅದರ ಮೇಜನ್ನು ಹಾಗೇ ಹೊರಕೋಣೆಗೆ ತಂದಿಟ್ಟುಕೊಂಡಿದ್ದರು. ತಂತಿಯಕ್ಕ ಒಳಗೆ ಹೋದಾಗ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಯಾವುದೋ ಹೆಂಗಸಿನ ಕೈಗಡಿಯಾರದ ಹೊಟ್ಟೆ ನೋಡುತ್ತಿದ್ದರು.

“ಲೈನ್ ಸಿಕ್ತೇನಮ್ಮಾ?”

“ಸಿಕ್ತು ಸರ್. ಅಕ್ಕನ ಕೋಣೆ ಗಡಿಯಾರ ನೀವೇ ಹಾಕಿದ್ದಾ?”

“ಹೂಂ. ಯಾಕೆ, ನಿಧಾನ ಓಡ್ತಿದೆಯಾ?”

“ವೈರು ಯಾಕೆ ಕೊಟ್ಟಿದೀರಿ?”

ಮಸೂರದ ಹಿಂದಿನ ಕಣ್ಣು ಮಿಟುಕಲಿಲ್ಲ. “ಸೆಲ್ ಬೇಗ ಮುಗಿಯುತ್ತೆ. ಕರೆಂಟಾದ್ರೆ ತೊಂದರೆ ಇಲ್ಲ.”

“ಸೆಲ್ ಒಳಗೇ ಇದೆ ಸರ್. ಮುಳ್ಳು ಓಡ್ತಿರೋದು ಅದರಲ್ಲೇ.” ಅವಳು ಮುಷ್ಟಿ ಬಿಚ್ಚಿ ಕ್ಯಾಮೆರಾವನ್ನು ಮೇಜಿನ ಹಸಿರು ಬಟ್ಟೆಯ ಮೇಲಿಟ್ಟಳು. “ಕರೆಂಟು ಕೊಟ್ಟಿದ್ದು ಇದಕ್ಕೆ. ಯಾರಿಗೆ ಕಳಿಸ್ತಿದ್ರಿ?”

“ಯಾರಿಗೂ ಇಲ್ಲ.”

“ಹತ್ತು ದಿನದ ಹಿಂದೆ ಇದೇ ನಿಮ್ಮಕ್ಕನ ಮಾತು ತಿಂದಿದ್ದು. ಸತ್ತವಳ ಗಂಡ ಕೋರ್ಟಲ್ಲಿ ಕೂತಿದ್ದ. ಅವನ ಎದುರೇ ಜನ ನಕ್ಕರು. ಕಾರ್ಖಾನೆಯವರು ನಿಮ್ಮನ್ನ ಕಂಡಿದ್ರಾ?”

“ಏನು ಮಾತು ಅಂತ ಆಡ್ತಿದೀಯಾ?” ತಮ್ಮ ಎದ್ದುನಿಂತರು. ಮಸೂರ ಕಳಚಿ ಮೇಜಿಗೆ ಬಿತ್ತು. “ನನ್ನಕ್ಕನನ್ನ ನಾನು ಮಾರ್ಕೋತೀನಾ?”

“ಮತ್ಯಾಕೆ ಇಟ್ಟಿರಿ? ಹೆಂಗಸರ ಕೋಣೆಗೆ ಕಣ್ಣು ಇಡೋ ಅಂಥದ್ದು ಏನಿತ್ತು?”

ಅವರು ಮತ್ತೆ ಕೂತರು. ಹಸಿರು ಬಟ್ಟೆಯ ಮೇಲಿದ್ದ ಸಣ್ಣಪುಟ್ಟ ಚಕ್ರಗಳನ್ನು ಸಾಲಾಗಿ ಜೋಡಿಸಿದರು.

“ಅಕ್ಕ ಬಿದ್ದ ದಿನ ನಾನು ಮನೇಲೇ ಇದ್ದೆ. ಎಲ್ಲರೂ ಅಂದ್ಕೊಂಡಿರೋದು ನಾನು ಪೇಟೆಗೆ ಹೋಗಿದ್ದೆ ಅಂತ. ಹೋಗಿರಲಿಲ್ಲ. ಇಲ್ಲೇ, ಇದೇ ಕುರ್ಚೀಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದೆ. ಮೂರು ಗಂಟೆ ಹೊತ್ತು ಬಚ್ಚಲಲ್ಲಿ ಬಿದ್ಕೊಂಡು ನನ್ನ ಹೆಸರು ಹಿಡಿದು ಕೂಗಿದಾಳೆ. ನನಗೆ ಕೇಳಿಸಲಿಲ್ಲ.” ಒಂದು ಚಕ್ರವನ್ನು ಸಾಲಿನಿಂದ ಹೊರಗೆ ತೆಗೆದರು. “ಸದ್ದಾದ್ರೆ ಎಚ್ಚರ ಆಗೋ ಥರದ್ದು ಕೊಂಡುಕೊಂಡೆ. ಕೂಗಿದ್ರೆ ನನ್ನ ಟ್ಯಾಬ್ಲೆಟ್ಟು ಗಂಟೆ ಹೊಡೆಯುತ್ತೆ. ಅಷ್ಟೇ. ಲೈನಿಗೆ ತೊಂದರೆ ಆಗುತ್ತೆ ಅಂತ ದೇವರಾಣೆ ಗೊತ್ತಿರಲಿಲ್ಲ.”

ಬಾಗಿಲಲ್ಲಿ ಉಕ್ಕಿನ ಚೌಕಟ್ಟು ಟಕ್ಕೆಂದಿತು. ಅಕ್ಷರಮ್ಮ ಬಂದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

“ಪೇಟೆಯಿಂದ ಓಡಿಬಂದೆ ಅಂತ ನೀನು ಹೇಳಿದ್ದೆ,” ಎಂದರು.

“ಹೇಳಿದ್ದೆ ಅಕ್ಕ.”

“ಆರು ತಿಂಗಳು ಅದನ್ನ ಹೊಟ್ಟೇಲಿಟ್ಕೊಂಡು ಎರಡು ಹೊತ್ತೂ ನನ್ನ ಕಾಲಿಗೆ ಎಣ್ಣೆ ಹಚ್ಚಿದೀಯ.”

ತಮ್ಮ ಕಳಚಿಬಿದ್ದ ಮಸೂರ ಎತ್ತಿಟ್ಟರು.

“ಬೈಯೋಣ ಅಂದ್ರೆ ಈಗ ಹೊತ್ತಿಲ್ಲ. ಸಾಯಂಕಾಲ ಬೈತೀನಿ, ತಪ್ಪಿಸ್ಕೋಬೇಡ,” ಎಂದರು ಅಕ್ಷರಮ್ಮ. ದನಿ ಮಾತ್ರ ಬೈಗುಳದ್ದಾಗಿರಲಿಲ್ಲ. “ತಂತಿಯಕ್ಕ, ಇದು ತೆಗೆದ ಮೇಲೆ ಲೈನ್ ಸರಿಯಾಯ್ತಾ?”

ಅವಳು ಲ್ಯಾಪ್‌ಟಾಪ್ ತಂದು ತೋರಿಸಿದಳು. ಹದಿನೈದು ನಿಮಿಷದಿಂದ ಮೂವರೂ ಮಾತಾಡಿದ್ದರು, ಜಗಳವಾಡಿದ್ದರು. ಗೆರೆ ಅಲ್ಲಾಡಿರಲಿಲ್ಲ. ಅಕ್ಷರಮ್ಮ ಅಂದಿನ ದಿನದಲ್ಲಿ ಮೊದಲ ಬಾರಿಗೆ ನಕ್ಕರು.

ಅಲ್ಲಿಗೇ ಚೀಲ ಕಟ್ಟಿಕೊಂಡು ಹೊರಟಿದ್ದರೆ ತಂತಿಯಕ್ಕ ಆವತ್ತು ನೆಮ್ಮದಿಯಾಗಿ ಊಟ ಮಾಡುತ್ತಿದ್ದಳು. ಆದರೆ ಕೆಲಸ ಅರ್ಧಕ್ಕೆ ಬಿಡುವವಳಲ್ಲ.

“ಸರ್, ಇದು ಕಳಿಸಿದ್ದೆಲ್ಲ ಎಲ್ಲಿ ಉಳಿಯುತ್ತೆ?”

“ಕ್ಯಾಮೆರಾ ಕಂಪನಿಯವರ ಹತ್ರ. ಹದಿನೈದು ದಿನ ಇಟ್ಟು ಅಳಿಸ್ತಾರಂತೆ. ನಾನು ಒಂದನ್ನೂ ತೆಗೆದು ನೋಡಿಲ್ಲ. ಗಂಟೆ ಹೊಡೆದಾಗ ಅಕ್ಕ ಸರಿಯಾಗಿದಾಳಾ ಅಂತ ಇಣುಕಿ ನೋಡ್ತಿದ್ದೆ.”

“ಅಳಿಸ್ಬಿಡಿ ಎಲ್ಲಾನೂ. ಈಗಲೇ.”

ತಮ್ಮ ಟ್ಯಾಬ್ಲೆಟ್ಟು ತೆಗೆದರು. ದಿನ, ಗಂಟೆಗಳ ಉದ್ದನೆಯ ಪಟ್ಟಿ. ಮೇಲಿನಿಂದ ಒಂದೊಂದೇ ಅಳಿಸುತ್ತಾ ಬಂದ ಬೆರಳು ಒಂದು ಗಂಟೆ ಕಳೆದು ಗುರುವಾರದ ಹತ್ತಿರ ನಿಂತಿತು.

“ಅಕ್ಕ, ಗುರುವಾರ ಬೆಳಿಗ್ಗೆ ನಾವು ಎಕ್ಸ್‌ರೇಗೆ ಹೋಗಿದ್ವಲ್ಲ?”

“ಹೋಗಿದ್ವಿ. ಒಂಬತ್ತಕ್ಕೆ ಹೊರಟು ಬಂದಿದ್ದು ಒಂದಕ್ಕೆ.”

“ಇಲ್ಲಿ ಹನ್ನೊಂದೂಕಾಲಿಗೆ ಒಂದು ಇದೆ. ನಾಲ್ಕು ನಿಮಿಷದ್ದು.”

ಆವತ್ತು ಟ್ಯಾಬ್ಲೆಟ್ಟು ಮನೆಯಲ್ಲೇ ಉಳಿದಿತ್ತು; ಗಂಟೆ ಹೊಡೆದಿದ್ದರೂ ಕೇಳುವವರಿರಲಿಲ್ಲ. ಅಳಿಯ ಬೇರೆ ಊರಿಗೆ ಚಿತ್ರೀಕರಣಕ್ಕೆ ಹೋಗಿದ್ದ. ಬಾಗಿಲಿಗೆ ಬೀಗ. ಖಾಲಿ ಕೋಣೆಯಲ್ಲಿ ಸದ್ದು ಮಾಡಿದ್ದು ಯಾರು?

ಮೂವರ ತಲೆಗಳು ಒಂದೆಡೆ ಕೂಡಿದವು. ತಮ್ಮ ಒತ್ತಿದರು.

ಮಂಚ. ಮಡಿಸಿಟ್ಟ ಹೊದಿಕೆ. ಚಿತ್ರದ ಬಲ ಅಂಚಿನಲ್ಲಿ ಮೇಜಿನ ಒಂದು ಮೂಲೆ ಮಾತ್ರ ಕಾಣುತ್ತಿತ್ತು. ಕ್ಯಾಮೆರಾ ಎಚ್ಚರವಾದದ್ದು ಯಾವ ಸದ್ದಿಗೆಂದು ಕೂಡಲೇ ತಿಳಿಯಿತು. ಎರಡನೆಯ ಡ್ರಾಯರು ಎಳೆದಾಗಲೆಲ್ಲ ಕಿರ್ರೆನ್ನುತ್ತದೆ. ಬೂದು ಬಣ್ಣದ ತುಂಬುತೋಳಿನ ಒಂದು ಕೈ ಚಿತ್ರದೊಳಗೆ ಬಂತು. ಮುಂಬಾಗಿಲ ಗೂಟಕ್ಕೆ ತೂಗಿಹಾಕಿದ, ಮನೆಮಂದಿಯೆಲ್ಲ ಬಳಸುವ ಮಳೆಕೋಟು. ಕೈ ಕಂದು ರಟ್ಟಿನ ಫೈಲು ತೆಗೆಯಿತು. ಹುಡುಕಾಟವಿಲ್ಲ, ಗಡಿಬಿಡಿಯಿಲ್ಲ. ಫೈಲಿನ ದಾರದ ಗಂಟು ಬಿಚ್ಚಿತು. ಒಂದು ಹಾಳೆ ಹೊರಗೆ ಬಂತು, ಒಂದು ಹಾಳೆ ಒಳಗೆ ಹೋಯಿತು. ಮತ್ತೆ ಅದೇ ಗಂಟು. ಡ್ರಾಯರು ಕಿರ್ರೆಂದಿತು. ಕೊನೆಗೆ ಬಾಗಿಲು ಮುಚ್ಚಿದ ಸದ್ದು. ಮುಖ ಎಲ್ಲಿಯೂ ಇಲ್ಲ.

“ನನ್ನ ಟಿಪ್ಪಣಿ,” ಎಂದರು ಅಕ್ಷರಮ್ಮ.

ಹೋದ ವಿಚಾರಣೆಯ ಕೊನೆಗೆ ಎದುರು ವಕೀಲ ಒಂದು ಆದೇಶ ಕೇಳಿ ಪಡೆದಿದ್ದ. ಪರೀಕ್ಷೆ ಮಾಡುವಾಗ ಅಕ್ಷರಮ್ಮ ಕೈಯಾರೆ ಬರೆದುಕೊಂಡ ಹನ್ನೆರಡು ಹಾಳೆಯ ಟಿಪ್ಪಣಿಯನ್ನು ಮುಂದಿನ ಸಲ ಕ್ಯಾಮೆರಾಕ್ಕೆ ಹಿಡಿದು, ಒಂದೊಂದೇ ಹಾಳೆ ಓದಬೇಕು. ಬರೆದು ಮುಗಿಸಿದ ಟಿಪ್ಪಣಿಯನ್ನು ಮತ್ತೆ ಮುಟ್ಟದಿರುವುದು ಅವರ ವೃತ್ತಿಯ ವ್ರತ. ಮುಟ್ಟಿದರೆ ತಿದ್ದುವ ಚಪಲ ಬರುತ್ತದೆ ಎನ್ನುತ್ತಿದ್ದರು. ಹಾಗಾಗಿ ತಿಂಗಳುಗಳಿಂದ ಆ ಗಂಟು ಬಿಚ್ಚಿರಲಿಲ್ಲ. ಬೇಕಾದದ್ದೆಲ್ಲ ಬಾಯಲ್ಲೇ ಇತ್ತು.

ತಂತಿಯಕ್ಕ ಡ್ರಾಯರಿನಿಂದ ಫೈಲು ತಂದುಕೊಟ್ಟ ಮೇಲೆ ಈಗ ಬಿಚ್ಚಿದರು. ಗಂಟೆ ಎರಡೂ ಇಪ್ಪತ್ತು.

ಆರು ಹಾಳೆ ದಾಟಿ ಏಳನೆಯದಕ್ಕೆ ಬಂದಾಗ ಕೈ ನಿಂತಿತು. ತಂತಿಯಕ್ಕ ಬಗ್ಗಿ ನೋಡಿದಳು. ಅದೇ ಗುಂಡಗಿನ ಅಕ್ಷರ, ಅದೇ ನೀಲಿ ಶಾಯಿ, ಬೆಳಗಿನಿಂದ ತನ್ನ ನೋಟ್‌ಬುಕ್ಕಿನಲ್ಲಿ ನೋಡುತ್ತಿರುವ ಅದೇ ಕೈ.

“ನಿಮ್ಮದೇ ಅಲ್ವಾ ಅಮ್ಮಾ?”

“ಏಳನೇ ಹಾಳೇಲಿ ನಾನು ಬರೆದಿದ್ದು ಹದಿನಾಲ್ಕು ವ್ಯತ್ಯಾಸ. ಬರೆದವರು ಬೇರೆ ಅಂತ.” ಅವರು ಓದಿದರು. “ಇಲ್ಲಿರೋದು ಏನು ಗೊತ್ತಾ? ವ್ಯತ್ಯಾಸ ಅತ್ಯಲ್ಪ. ಅದೇ ಕೈ ಇರಬಹುದು. ಇದನ್ನ ಕೋರ್ಟಿಗೆ ಹಿಡಿದು ನಾನೇ ಗಟ್ಟಿಯಾಗಿ ಓದಬೇಕು.”

“ಯಾರೋ ನಕಲು ಮಾಡಿದಾರೆ ಅಂತ ಹೇಳಿ. ಈ ವಿಡಿಯೋ ಇದೆಯಲ್ಲ.”

ಅಕ್ಷರಮ್ಮ ಹಾಳೆ ತೆಗೆದುಕೊಂಡು, ಚೌಕಟ್ಟು ಊರಿಕೊಂಡು ಒಳಕೋಣೆಗೆ ನಡೆದರು. ಟ್ಯಾಬ್ಲೆಟ್ಟು, ಕ್ಯಾಮೆರಾ ಎತ್ತಿಕೊಂಡು ಇಬ್ಬರೂ ಹಿಂದೆ ಹೋದರು. ಮೇಜಿನ ದೀಪ ಹಾಕಿ, ಹಾಳೆಯನ್ನು ಅದರ ಕೆಳಗಿಟ್ಟು, ಭೂತಗನ್ನಡಿ ಹಿಡಿದರು. ಸಾಲು ಸಾಲಾಗಿ ಹೋದರು. ಇಡೀ ಹಾಳೆಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಕೊನೆಗೆ ಶೀರ್ಷಿಕೆಯ ಕೆಳಗೆ ಎಳೆದ ಒಂದು ಗೆರೆಯ ಮೇಲೆ ಗಾಜು ನಿಂತಿತು.

ಆ ಗಾಜು ಎಷ್ಟೋ ಹೊತ್ತು ಅಲ್ಲೇ ಇತ್ತು. ಆಮೇಲೆ ಗೆರೆಯ ಬಲ ತುದಿಯಿಂದ ಎಡಕ್ಕೆ ಸರಿದು ಮತ್ತೆ ಬಲಕ್ಕೆ ಬಂತು.

“ಅಕ್ಕ, ಏನಾಯ್ತು?”

“ಗೆರೆ ಎಳೆಯುವಾಗ ಶುರುವಿನಲ್ಲಿ ಪೆನ್ನು ಒತ್ತುತ್ತೆ, ಕೊನೇಲಿ ಹಗುರಾಗುತ್ತೆ,” ಎಂದರು. ಯಾರಿಗೋ ಪಾಠ ಹೇಳಿಕೊಡುವವರ ಹಾಗೆ. “ನಾನು ಎಡದಿಂದ ಬಲಕ್ಕೆ ಎಳೀತೀನಿ. ಬಲಗೈಯವರೆಲ್ಲ ಹಾಗೇ. ಈ ಗೆರೆ ಬಲಗಡೆ ದಪ್ಪ, ಎಡಗಡೆ ಸಣ್ಣ. ಬಲದಿಂದ ಎಡಕ್ಕೆ ಎಳೆದಿದಾರೆ. ಎಡಗೈಯವರು ಹಾಗೆ ಎಳೆಯೋದು.”

ತಮ್ಮ ಒಂದು ಹೆಜ್ಜೆ ಹಿಂದೆ ಸರಿದರು. “ಹಾಗನ್ಬೇಡ ಅಕ್ಕ.”

“ನಾನು ಬರೆದುಕೊಟ್ಟ ಅಕ್ಷರದ ಮೇಲೆ ತಿದ್ದಿ ತಿದ್ದಿ ಕಲಿತಳು. ಎಡಗೈಲಿ ಬರೀಬೇಡ ಅಂತ ಶಾಲೇಲಿ ಬೈದಾಗ ನಾನೇ ಹೋಗಿ ಜಗಳ ಆಡಿ ಬಂದೆ. ನನ್ನ ಅಕ್ಷರ ನನಗಿಂತ ಚೆನ್ನಾಗಿ ಬರೀತಾಳೆ, ನೀನೂ ನೋಡಿದೀಯ.” ಅಕ್ಷರಮ್ಮ ಗಾಜನ್ನು ಮೇಜಿನ ಮೇಲಿಟ್ಟರು. “ಮನೆ ಬೀಗದ ಕೈ ಅವಳ ಹತ್ರ ಇದೆ. ಡ್ರಾಯರು ಯಾವುದು ಅಂತ ಗೊತ್ತಿದೆ. ಯಾಕೆ ಮಾಡಿದಳು ಅನ್ನೋದೊಂದೇ ನನಗೆ ಗೊತ್ತಿಲ್ಲ.”

ಬೆಳಿಗ್ಗೆ ಗೇಟಿನ ಹತ್ತಿರ ಅವಸರದಲ್ಲಿ ನಡೆದುಹೋದ ಹೆಂಗಸಿನ ಮುಖ ತಂತಿಯಕ್ಕನ ಕಣ್ಣಮುಂದೆ ಬಂತು. ಭುಜದ ಚೀಲ ಸರಿಪಡಿಸಿಕೊಂಡದ್ದು ಯಾವ ಕೈಯಲ್ಲಿ ಎಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

“ಫೋನ್ ಮಾಡಿ ಕೇಳೋಣ,” ಎಂದರು ತಮ್ಮ.

ಮಾಡಿದರು. ಗಂಟೆ ಬಾರಿಸಿ ನಿಂತಿತು. ಮತ್ತೆ ಮಾಡಿದರು. ಶಾಲೆಯ ಕಚೇರಿಗೆ ಮಾಡಿದರು. ಆಕೆ ಇವತ್ತು ರಜೆ ಹಾಕಿದ್ದಾರಲ್ಲ, ಎಂದಿತು ಆ ಕಡೆಯ ದನಿ.

ಅಷ್ಟರಲ್ಲಿ ಅಕ್ಷರಮ್ಮನ ಲ್ಯಾಪ್‌ಟಾಪ್ ಕರೆಯತೊಡಗಿತು. ಎರಡು ಐವತ್ತು.

ತಂತಿಯಕ್ಕ ಒತ್ತಿದಳು. ಸರ್ಕಾರಿ ವಕೀಲೆಯ ಮುಖ ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳವಾಗಿ ಮೂಡಿತು.

“ಅಬ್ಬಾ, ಮೇಡಂ, ಎಷ್ಟು ಚೆನ್ನಾಗಿ ಕಾಣ್ತಿದೀರಿ ಇವತ್ತು. ಮಾತೂ ಸ್ಪಷ್ಟ. ನ್ಯಾಯಾಧೀಶರು ಇನ್ನೇನು ಬಂದ್ರು. ಮೊದಲು ಪ್ರಮಾಣ, ಆಮೇಲೆ ನೇರ ಟಿಪ್ಪಣಿಗೇ ಹೋಗ್ತಾರಂತೆ. ಅದು ನಿಮ್ಮದೇ ಬರಹ ಅಂತ ಒಂದು ಮಾತು ಹೇಳಿ ಓದೋಕೆ ಶುರು ಮಾಡಿ. ತಯಾರಿದೀರಲ್ಲ?”

“ಒಂದು ನಿಮಿಷ ಕೊಡಮ್ಮಾ,” ಎಂದರು ಅಕ್ಷರಮ್ಮ.

ವಕೀಲೆಯ ಬೆನ್ನ ಹಿಂದೆ ಕೋರ್ಟಿನ ಬೆಂಚುಗಳು ಕಾಣುತ್ತಿದ್ದವು. ಕೊನೆಯ ಬೆಂಚಿನಲ್ಲಿ ಒಬ್ಬ ಗಂಡಸು ಎರಡೂ ಕೈಗಳನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕೂತಿದ್ದ. ಸತ್ತವಳ ಗಂಡ. ಇಲ್ಲಿಂದ ಅವನ ಅಂಗಿಯ ಗುಂಡಿ ಸಹ ಎಣಿಸಬಹುದಿತ್ತು.

ತಂತಿಯಕ್ಕ ಮೈಕು ಮುಚ್ಚಿದಳು. “ಅಮ್ಮಾ, ಹೇಳಿಬಿಡಿ. ಹಾಳೆ ಬದಲಾಗಿದೆ ಅಂತ ಹೇಳಿ. ಯಾರು ಅಂತ ನೀವು ಹೇಳೋದೇನೂ ಬೇಡ.”

“ಕೇಳ್ತಾರೆ. ನಕಲು ಅಂದ್ರೆ ಯಾರ ಕೈ ಅಂತ ಕೇಳೋದೇ ಮೊದಲ ಪ್ರಶ್ನೆ. ಮೂವತ್ತನಾಲ್ಕು ವರ್ಷ ನನ್ನನ್ನ ಕೇಳಿರೋದು ಅದೊಂದೇ ಪ್ರಶ್ನೆ.” ಅವರು ಪರದೆಯತ್ತ ನೋಡಿದರು, ಕೊನೆಯ ಬೆಂಚಿನತ್ತ. ಮತ್ತೆ ಏಳನೆಯ ಹಾಳೆಯತ್ತ. “ಪ್ರಮಾಣ ಮಾಡಿದ ಮೇಲೆ ನಾನು ಸುಳ್ಳು ಹೇಳಿದವಳಲ್ಲ. ಇವತ್ತು ಸುಳ್ಳು ಹೇಳಿದ್ರೆ ಆ ಗಂಡ ಮುಳುಗಿದ. ಹೇಳದಿದ್ರೆ ನನ್ನ ಮಗಳು.”

ಪರದೆಯ ಆಚೆ ಎಲ್ಲರೂ ಎದ್ದುನಿಂತರು. ನ್ಯಾಯಾಧೀಶರು ಬರುತ್ತಿದ್ದರು.

ಅಕ್ಷರಮ್ಮ ತಂತಿಯಕ್ಕನ ಮುಂಗೈ ಹಿಡಿದರು. ಆ ಹಿಡಿತದಲ್ಲಿ ಎಪ್ಪತ್ತೆರಡರ ಮುದುಕಿ ಇರಲಿಲ್ಲ.

“ಆ ಕ್ಯಾಮೆರಾನ ಮತ್ತೆ ವೈರಿಗೆ ಸಿಕ್ಕಿಸು.”

“ಅಮ್ಮಾ?”

“ನಾನು ಬಾಯಿ ತೆಗೀತಿದ್ದ ಹಾಗೆ ಲೈನ್ ಹೋಗಬೇಕು. ಹೋದ ಸಲದ ಹಾಗೇ. ಸಿಕ್ಕಿಸು.”

ಪರದೆಯ ಮೂಲೆಯಲ್ಲಿ ಸಣ್ಣ ಗೆರೆ ಹಸಿರಾಗಿ, ಒಂದೇ ಸಮನೆ ಓಡುತ್ತಿತ್ತು. ನ್ಯಾಯಾಧೀಶರು ಕೂತು ಕನ್ನಡಕ ಏರಿಸಿಕೊಂಡು, ಸಾಕ್ಷಿಗೆ ಕೇಳಿಸುತ್ತಿದೆಯೇ, ಎಂದರು. ತಂತಿಯಕ್ಕನ ಒಂದು ಕೈಯಲ್ಲಿ ಕ್ಯಾಮೆರಾ ಇತ್ತು, ಇನ್ನೊಂದರಲ್ಲಿ ವೈರಿನ ತುದಿ.